ಮಗು, ಸಿಹಿ, ಆಟ: ಗ್ರಂಥಾಲಯಕ್ಕೆ ದೀಪ ಹೊತ್ತುವ ಪ್ರಶ್ನೆ ಹಲಗೆ ಮಾಡಿದ ದಾಖಲೆ

ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆಂದು, ಅಂದರೆ ಊರ ಗ್ರಂಥಾಲಯಕ್ಕೆಂದು, ಹದಿನಾರು ಪ್ರಶ್ನೆ, ಹದಿನಾರು ಉತ್ತರಗಳ ಹಲಗೆಯೊಂದನ್ನು ಮಾಡಿ ಗೋಡೆಗೆ ತೂಗುಹಾಕಿದ್ದಾಯಿತು. ಎಡಗಡೆ ಪ್ರಶ್ನೆಗಳು, ಬಲಗಡೆ ಕ್ರಮ ತಪ್ಪಿಸಿಟ್ಟ ಉತ್ತರಗಳು, ಪ್ರತಿಯೊಂದರ ಪಕ್ಕದಲ್ಲೂ ಒಂದು ಹಿತ್ತಾಳೆ ಬೋಲ್ಟು. ಒಂದು ಕಡ್ಡಿಯನ್ನು ಪ್ರಶ್ನೆಯ ಬೋಲ್ಟಿಗೂ ಇನ್ನೊಂದನ್ನು ಉತ್ತರದ ಬೋಲ್ಟಿಗೂ ಮುಟ್ಟಿಸಿದಾಗ, ಜೋಡಿ ಸರಿಯಿದ್ದರೆ ದೀಪ ಹೊತ್ತಿ ಬಜರ್ ಕೂಗುತ್ತದೆ. ತಪ್ಪಿದ್ದರೆ ಏನೂ ಆಗುವುದಿಲ್ಲ. ಕೇಂದ್ರದ ಪಕ್ಕದ ಕೋಣೆಯಲ್ಲೇ ಅಂಗನವಾಡಿ ಇರುವುದರಿಂದ ಬಾಣಂತಿಯರು, ಅಜ್ಜಿಯರು, ಶಾಲೆ ಬಿಟ್ಟು ಬರುವ ಮಕ್ಕಳು ಎಲ್ಲರೂ ಒಂದೇ ಜಗಲಿಯಲ್ಲಿ ಕಾಯುತ್ತಾರೆ. ಅವರೆಲ್ಲರಿಗೂ ಬಾಯಿ ಹಾಕಲು ಅವಕಾಶವಿರಬೇಕೆಂದು ಹಸುಗೂಸು, ಭಾರತದ ಸಿಹಿತಿಂಡಿ, ಭಾರತದ ಆಟಗಳು ಎಂಬ ಮೂರು ವಿಷಯಗಳನ್ನು ಆರಿಸಿಕೊಂಡೆ. ಮರಗೆಲಸವೂ ತಂತಿಗೆಲಸವೂ ಸಲೀಸಾಗಿಯೇ ಮುಗಿದವು. ಹೆಚ್ಚು ಶ್ರಮ ಹಿಡಿದದ್ದು, ತಂತಿ ಒಪ್ಪಿಕೊಳ್ಳುವ ಹಾಗೆ ಪ್ರಶ್ನೆಗಳನ್ನು ಬರೆಯುವ ಕೆಲಸ. ಆದ್ದರಿಂದ ಈ ದಾಖಲೆಯಲ್ಲಿಯೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಅಳತೆ

ಹಲಗೆಗೆ 6 ಮಿ.ಮೀ. ದಪ್ಪದ ಪ್ಲೈವುಡ್ ತಂದೆ. ಅಂಗಡಿಯಲ್ಲಿ ಎರಡೂವರೆ ಅಡಿಗೆ ಎರಡು ಅಡಿ ತುಂಡು ಕತ್ತರಿಸಿಕೊಂಡು, ಅಂಚು ಸರಿಪಡಿಸಿ 75 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲಕ್ಕೆ ತಂದೆ. ಮೇಲೆ 8 ಸೆಂ.ಮೀ. ಜಾಗ ದೀಪಕ್ಕೂ ಶೀರ್ಷಿಕೆಗೂ, ಕೆಳಗೆ 3 ಸೆಂ.ಮೀ. ಅಂಚು, ನಡುವೆ ಉಳಿದ 64 ಸೆಂ.ಮೀ. ಎತ್ತರವನ್ನು ಹದಿನಾರು ಸಾಲುಗಳಿಗೆ ಹಂಚಿದರೆ ಸಾಲಿಗೆ 4 ಸೆಂ.ಮೀ. ಬರುತ್ತದೆ. ಪ್ರಶ್ನೆಯ ಕಾರ್ಡು 24 ಸೆಂ.ಮೀ. ಉದ್ದ, ಉತ್ತರದ್ದು 18 ಸೆಂ.ಮೀ. ಉದ್ದ, ಎರಡೂ 3.5 ಸೆಂ.ಮೀ. ಎತ್ತರ. ಎಡ ಅಂಚಿನಿಂದ 28 ಸೆಂ.ಮೀ. ದೂರದಲ್ಲಿ ಪ್ರಶ್ನೆಗಳ ಬೋಲ್ಟು ಸಾಲು, 38 ಸೆಂ.ಮೀ. ದೂರದಲ್ಲಿ ಉತ್ತರಗಳ ಬೋಲ್ಟು ಸಾಲು. ನಡುವಿನ 10 ಸೆಂ.ಮೀ. ಖಾಲಿ ಪಟ್ಟಿಯನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಚಿಕ್ಕ ಮಕ್ಕಳ ಎರಡು ಕೈಗಳೂ ಕಡ್ಡಿ ಹಿಡಿದು ಒಂದಕ್ಕೊಂದು ತಾಗದೆ ಆಡಲು ಅಷ್ಟು ಅಂತರ ಬೇಕೇ ಬೇಕು.

ಹಿಂಬದಿಗೆ ಒಂದು ಇಂಚಿನ ರೀಪರ್ ಪಟ್ಟಿಯ ಚೌಕಟ್ಟು ಹೊಡೆದೆ. ತಂತಿಗಳಿಗೆ ಜಾಗ ಸಿಕ್ಕಿತು, ಹಲಗೆಯೂ ಬಾಗದೆ ನಿಂತಿತು.

ಹಂತ 2: ತೂತು ಮತ್ತು ಬೋಲ್ಟು

ಇದಕ್ಕೂ ಮುಂಚೆ ರಟ್ಟಿನ ಹಾಳೆಯ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಪಟ್ಟಿಗಳನ್ನು ಅಂಟಿಸಿ ಒಂದು ಮಾದರಿ ಮಾಡಿ ನೋಡಿದ್ದೆ. ಶಾಲೆಯ ಪ್ರದರ್ಶನದಲ್ಲಿ ಒಂದು ದಿನ ಇಡುವುದಕ್ಕೆ ಅದು ಸಾಕು, ದಿನಬಳಕೆಗೆ ಆಗದು. ಒಂದು ಪಟ್ಟಿಯ ಮೇಲೆ ಇನ್ನೊಂದು ಹಾದುಹೋಗುವ ಕಡೆಯಲ್ಲೆಲ್ಲ ಸೆಲೋಟೇಪಿನ ಪದರ ಬೇಕು. ಮಕ್ಕಳು ಬೆರಳಿನಿಂದ ಒತ್ತುತ್ತಾ ಹೋದಂತೆ ಟೇಪು ಜಾರಿ ಎರಡು ಪಟ್ಟಿಗಳು ಕೂಡಿಕೊಂಡು, ತಪ್ಪು ಉತ್ತರಕ್ಕೂ ದೀಪ ಹೊತ್ತುತ್ತದೆ. ಪ್ರಶ್ನೆ ಹಲಗೆಯಲ್ಲಿ ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ.

ಆದ್ದರಿಂದ 4 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ಹಿತ್ತಾಳೆ ಬೋಲ್ಟುಗಳಿಗೆ ಬಂದೆ. ತೂತಿಗೆ 4.5 ಮಿ.ಮೀ. ಡ್ರಿಲ್ ಬಿಟ್. ಗುರುತು ಹಾಕಿದ ಸಾಲಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೆಳಗೆ ಹಳೆಯ ಹಲಗೆಯ ತುಂಡೊಂದನ್ನು ಒತ್ತಿ ಹಿಡಿದು ಕೊರೆದರೆ ಪ್ಲೈವುಡ್ಡಿನ ಹಿಂಬದಿ ಸಿಬಿರು ಏಳುವುದಿಲ್ಲ. ಅಂಚುಗಳಿಗೂ ತೂತುಗಳಿಗೂ ಮರಳು ಕಾಗದ ಉಜ್ಜಿ, ವಾರ್ನಿಷ್ ಹೊಡೆದು, ಅದು ಪೂರ್ತಿ ಒಣಗಿದ ಮೇಲೆಯೇ ಬೋಲ್ಟು ಕೂರಿಸಬೇಕು. ಬೋಲ್ಟಿನ ತಲೆಯ ಮೇಲೆ ವಾರ್ನಿಷಿನ ತೆಳುಪದರ ಉಳಿದರೂ ವಿದ್ಯುತ್ತು ಹರಿಯುವುದಿಲ್ಲ.

ಪ್ರತಿ ಬೋಲ್ಟಿಗೂ ಹಿಂಬದಿಯಲ್ಲಿ ಒಂದು ಸಾಧಾರಣ ನಟ್ ಬಿಗಿದು, ಅದರ ಮೇಲೆ ತಂತಿಯ ಲಗ್ (ತಂತಿಯ ತುದಿಗೆ ಕಚ್ಚಿಸುವ ಲೋಹದ ಬಳೆ), ವಾಷರ್, ಕೊನೆಗೆ ಬೆರಳಲ್ಲೇ ತಿರುಗಿಸಬಹುದಾದ ವಿಂಗ್ ನಟ್ ಹಾಕಿದೆ. ತಂತಿಯನ್ನು ನೇರವಾಗಿ ಬೆಸುಗೆ ಹಾಕಿದ್ದರೆ ಖರ್ಚು ಉಳಿಯುತ್ತಿತ್ತು. ಆದರೆ ಹಾಗೆ ಮಾಡಿದ ಹಲಗೆ ಮಕ್ಕಳಿಗೆ ಬಾಯಿಪಾಠವಾದ ದಿನವೇ ಕೆಲಸಕ್ಕೆ ಬಾರದಂತಾಗುತ್ತದೆ.

ಹಂತ 3: ತಂತಿ, ದೀಪ, ಬಜರ್

ಹಿಂಬದಿಯಲ್ಲಿ ಪ್ರತಿ ಪ್ರಶ್ನೆಯ ಬೋಲ್ಟಿನಿಂದ ಅದರ ಸರಿಯುತ್ತರದ ಬೋಲ್ಟಿಗೆ ಒಂದು ತಂತಿ ಹೋಗುತ್ತದೆ. ಮೊದಲ ಸಾಲಿನ ಪ್ರಶ್ನೆಗೆ ಹದಿನಾರನೆಯ ಸಾಲಿನ ಉತ್ತರ ಬಂದರೆ ಆ ಎರಡು ಬೋಲ್ಟುಗಳ ನಡುವಿನ ದೂರ ಸುಮಾರು 61 ಸೆಂ.ಮೀ. ಆಗುತ್ತದೆ. ಹೀಗಾಗಿ ಹದಿನಾರು ತಂತಿಗಳನ್ನೂ 70 ಸೆಂ.ಮೀ. ಉದ್ದಕ್ಕೆ ಕತ್ತರಿಸಿದೆ. ಹತ್ತಿರದ ಜೋಡಿಗೆ ಇಷ್ಟುದ್ದ ಬೇಕಿಲ್ಲ, ನಿಜ. ಆದರೆ ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಯಾವ ತಂತಿಯನ್ನು ಎಲ್ಲಿಗೆ ಬೇಕಾದರೂ ಬದಲಿಸಬಹುದು. ಒಟ್ಟು 12 ಮೀಟರ್ ತಂತಿ ಸಾಕಾಯಿತು.

ವಿದ್ಯುತ್ತಿಗೆ ಮೂರು ಎಎ ಶೆಲ್‌ಗಳು, ಅಂದರೆ 4.5 ವೋಲ್ಟು. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಚೊಕ್ಕಟವಾಗಿ ಕಾಣುತ್ತದೆಯಾದರೂ ಬೆಲೆ ಹೆಚ್ಚು, ಬಾಳಿಕೆ ಕಡಿಮೆ, ಹಳ್ಳಿಯ ಅಂಗಡಿಯಲ್ಲಿ ಸಿಗುವ ಭರವಸೆಯೂ ಇಲ್ಲ. ಕೆಂಪು ಎಲ್‌ಇಡಿಯ ಜೊತೆಗೆ 180 ಓಮ್‌ ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ತಗ್ಗಿಸುವ ತುಣುಕು) ಹಾಕಿದರೆ ಸುಮಾರು 14 ಮಿಲಿಆಂಪಿಯರ್ ಹರಿಯುತ್ತದೆ. ಬೆಳಕಿಗೆ ಅಷ್ಟು ಸಾಕು. ಬಜರ್ ಅನ್ನು ಮೊದಲು ಎಲ್‌ಇಡಿಯ ಸಾಲಿನಲ್ಲಿಯೇ, ಒಂದರ ಹಿಂದೆ ಒಂದರಂತೆ ಜೋಡಿಸಿ ನೋಡಿದಾಗ ದೀಪ ಮಂಕಾಯಿತು, ಬಜರ್ ಕೂಗಲೇ ಇಲ್ಲ. ಎರಡನ್ನೂ ಸಮಾಂತರವಾಗಿ ಜೋಡಿಸಿ, ರೆಸಿಸ್ಟರನ್ನು ಎಲ್‌ಇಡಿಯ ಕವಲಿಗೆ ಮಾತ್ರ ಹಾಕಿದ ಮೇಲೆ ಎರಡೂ ಸರಿಹೋದವು. ಎಲ್‌ಇಡಿಯ ಉದ್ದದ ಕಾಲು, ಬಜರಿನ ಕೆಂಪು ತಂತಿ, ಇವೆರಡೂ ಶೆಲ್ಲಿನ ಧನ ತುದಿಯ ಕಡೆಗೇ ಬರಬೇಕು. ಆಟಗಾರರು ಯಾವ ಕಡ್ಡಿಯನ್ನು ಯಾವ ಕಡೆ ಮುಟ್ಟಿಸಿದರೂ ವ್ಯತ್ಯಾಸವಿಲ್ಲ. ಅವರು ಮಾಡುವುದು ತುಂಡಾದ ದಾರಿಯನ್ನು ಕೂಡಿಸುವುದಷ್ಟೆ.

ಕಡ್ಡಿಗಳಿಗೆ ಮಲ್ಟಿಮೀಟರಿನ, ಅಂದರೆ ವಿದ್ಯುತ್ತು ಅಳೆಯುವ ಉಪಕರಣದ, ಪ್ರೋಬ್ ಜೋಡಿಯನ್ನು ಕೊಂಡೆ. ಅವುಗಳ ತುದಿ ಸೂಜಿಯಷ್ಟು ಚೂಪು. ಮಕ್ಕಳ ಕಣ್ಣಿನ ಎತ್ತರದಲ್ಲಿ ತೂಗುವ ವಸ್ತುವಾದ್ದರಿಂದ ಅರ ಹಿಡಿದು ಉಜ್ಜಿ, ತುದಿ ಪೂರ್ತಿ ಮೊಂಡಾಗುವವರೆಗೆ ಬಿಡಲಿಲ್ಲ.

ಹಂತ 4: ಪ್ರಶ್ನೆಗಳು

ತಂತಿಗೆ ‘ಸುಮಾರು’ ಎಂಬುದು ತಿಳಿಯದು. ಒಂದು ಬೋಲ್ಟಿನಿಂದ ಹೊರಟ ತಂತಿ ಇನ್ನೊಂದೇ ಬೋಲ್ಟಿಗೆ ಹೋಗಿ ಸೇರಬೇಕು. ಅಂದರೆ ಪ್ರಶ್ನೆಗೆ ಒಂದೇ ಉತ್ತರವಿರಬೇಕು, ಆ ಉತ್ತರವೂ ಹಲಗೆಯ ಮೇಲಿನ ಬೇರಾವ ಪ್ರಶ್ನೆಗೂ ಹೊಂದಬಾರದು. ಕೇಳಲು ಸುಲಭವೆನಿಸುವ ಈ ನಿಯಮದ ಮುಂದೆ ನಾನು ಮೊದಲು ಬರೆದುಕೊಂಡಿದ್ದ ಒಳ್ಳೊಳ್ಳೆಯ ಪ್ರಶ್ನೆಗಳೇ ಒಂದೊಂದಾಗಿ ಬಿದ್ದುಹೋದವು.

ಮೊದಲು ಬಿದ್ದದ್ದು ಮೂಳೆಯ ಪ್ರಶ್ನೆ. ವಯಸ್ಕರಲ್ಲಿ 206 ಮೂಳೆಗಳು. ಹುಟ್ಟುವ ಮಗುವಿನಲ್ಲಿ ಅದಕ್ಕಿಂತ ಹೆಚ್ಚು, ಬೆಳೆಯುತ್ತಾ ಹೋದಂತೆ ಹಲವು ಕೂಡಿಕೊಳ್ಳುತ್ತವೆ. ಎಷ್ಟು ಹೆಚ್ಚು ಎಂದು ಕೇಳಿದರೆ ಒಂದು ಪುಸ್ತಕ 270 ಎನ್ನುತ್ತದೆ, ಇನ್ನೊಂದು 300 ಎನ್ನುತ್ತದೆ, ಏಕೆಂದರೆ ಅರ್ಧ ಮೂಳೆ, ಅರ್ಧ ಮೃದ್ವಸ್ಥಿಯಾಗಿರುವ (ಮೆದು ಎಲುಬಾಗಿರುವ) ಭಾಗಗಳನ್ನು ಎಣಿಸುವ ಬಗೆ ಒಂದೇ ಅಲ್ಲ. ಆ ಪ್ರಶ್ನೆಯನ್ನು ಬಿಟ್ಟು, ಹುಟ್ಟಿದಾಗ ಬರೀ ಮೃದ್ವಸ್ಥಿಯಾಗಿದ್ದು ವರ್ಷಗಳ ಮೇಲೆ ಮೂಳೆಯಾಗುವ ಕಾಲಿನ ಭಾಗ ಯಾವುದು ಎಂದು ಕೇಳಿದೆ. ಉತ್ತರ, ಮೊಣಕಾಲ ಚಿಪ್ಪು. ಇದು ಮೂಳೆಗಳ ಲೆಕ್ಕಕ್ಕಿಂತ ಚೆನ್ನಾಗಿ ಮಕ್ಕಳ ಮನಸ್ಸಿಗೆ ಹತ್ತುತ್ತದೆ, ಏಕೆಂದರೆ ಓದಿದ ಕೂಡಲೇ ಅವರು ತಮ್ಮ ಮೊಣಕಾಲನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

ಎರಡನೆಯದು ರಸಗುಲ್ಲ. ಅದು ಯಾವ ರಾಜ್ಯದ ಸಿಹಿ ಎಂದು ಕೇಳುವಂತಿಲ್ಲ. ‘ಬಾಂಗ್ಲಾರ್ ರಸಗೊಲ್ಲಾ’ಕ್ಕೆ 2017ರ ನವೆಂಬರ್ 14ರಂದು ಭೌಗೋಳಿಕ ಸೂಚಕ ಮಾನ್ಯತೆ (ಒಂದು ವಸ್ತು ಇಂಥ ಪ್ರದೇಶದ್ದೇ ಎಂಬ ಅಧಿಕೃತ ಗುರುತು) ಸಿಕ್ಕಿತು, ‘ಒಡಿಶಾ ರಸಗೋಲಾ’ಕ್ಕೆ 2019ರ ಜುಲೈ 29ರಂದು ಬೇರೆಯದೇ ಮಾನ್ಯತೆ ಸಿಕ್ಕಿತು. ಒಂದು ಪ್ರಶ್ನೆಯಿಂದ ಎರಡು ತಂತಿ ಎಳೆದರೆ ಏನಾಗುತ್ತದೆಂದು ನೋಡಿದೆ. ಆಗ ಆ ಎರಡು ಉತ್ತರಗಳ ಬೋಲ್ಟುಗಳೂ ಪರಸ್ಪರ ಕೂಡಿಕೊಂಡು, ಪ್ರಶ್ನೆಯನ್ನು ಮುಟ್ಟದೆಯೇ ಎರಡು ಉತ್ತರಗಳನ್ನು ಮುಟ್ಟಿದರೂ ದೀಪ ಹೊತ್ತುತ್ತದೆ. ಹೀಗಾಗಿ ಒಡಿಶಾದ ರಸಗೋಲಾಕ್ಕೆ ಮಾನ್ಯತೆ ಬಂದ ವರ್ಷವನ್ನು ಮಾತ್ರ ಕೇಳಿ, 2019 ಎಂಬ ಕಾರ್ಡು ಮಾಡಿದೆ. ತಿರುಪತಿ ಲಡ್ಡುವಿಗೆ ಅದೇ ಮಾನ್ಯತೆ ಬಂದದ್ದು 2009ರಲ್ಲಿ. ಒಂದೇ ಅಂಕಿಯ ವ್ಯತ್ಯಾಸವಿರುವ ಈ ಎರಡು ಕಾರ್ಡುಗಳನ್ನು ಬೇಕೆಂದೇ ಹತ್ತಿರ ಹತ್ತಿರ ಇಟ್ಟಿದ್ದೇನೆ.

ಆಟಗಳಲ್ಲಿ ತೊಡಕು ತಿರುಗಾಮುರುಗಾ ಬಂತು. ಭಾರತದ ಹಾಕಿ ತಂಡ ಒಲಿಂಪಿಕ್ಸಿನಲ್ಲಿ ಕೊನೆಯ ಬಾರಿ ಚಿನ್ನ ಗೆದ್ದ ವರ್ಷ 1980, ಮಾಸ್ಕೋದಲ್ಲಿ. ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ವರ್ಷವೂ 1980. ಎರಡು ಪ್ರಶ್ನೆಗಳ ತಂತಿಗಳು ಒಂದೇ ಉತ್ತರಕ್ಕೆ ಬಂದರೆ ಈ ಬಾರಿ ಪ್ರಶ್ನೆಗಳೆರಡು ಒಂದಾಗುತ್ತವೆ. ಹಾಗೆಂದು 1980 ಎಂಬ ಎರಡು ಕಾರ್ಡು ಇಟ್ಟರೆ, ಸರಿಯಾದ ಉತ್ತರ ತಿಳಿದ ಮಗುವೂ ಅರ್ಧದಷ್ಟು ಸಲ ದೀಪ ಹೊತ್ತದೆ ಬೇಸರಪಡುತ್ತದೆ. ಗೊತ್ತಿದ್ದವರಿಗೆ ತಪ್ಪೆಂದು ಹೇಳುವ ಹಲಗೆಯನ್ನು ಗ್ರಂಥಾಲಯದಲ್ಲಿ ಇಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ 1980ನ್ನು ನಮ್ಮ ಪ್ರಕಾಶರಿಗೆ ಬಿಟ್ಟು, ಹಾಕಿಯಲ್ಲಿ ಭಾರತಕ್ಕೆ ಬಂದ ಒಲಿಂಪಿಕ್ ಚಿನ್ನಗಳೆಷ್ಟು ಎಂದು ಕೇಳಿದೆ, ಉತ್ತರ 8.

ಕಬಡ್ಡಿಯ ಪ್ರಶ್ನೆಯಲ್ಲಿ ‘ತಂಡದಲ್ಲಿ ಎಷ್ಟು ಮಂದಿ’ ಎಂದು ಬರೆದರೆ, ಮೀಸಲು ಆಟಗಾರರನ್ನೂ ಸೇರಿಸಿ 12 ಎನ್ನುವವರಿಗೆ ತಪ್ಪೆನ್ನಲಾಗದು. ‘ಅಂಕಣದೊಳಗೆ ಒಂದು ಕಡೆಯಿಂದ ಆಡುವವರು ಎಷ್ಟು’ ಎಂದು ಬರೆದ ಮೇಲೆ 7 ಒಂದೇ ಉಳಿಯಿತು. ಖೋ ಖೋ ಇದೇ ಕಾರಣಕ್ಕೆ ಹೊರಗುಳಿಯಿತು: ರೂಢಿಯ ನಿಯಮದಲ್ಲಿ ಅಂಕಣಕ್ಕಿಳಿಯುವ ಅಟ್ಟುವವರ ತಂಡದಲ್ಲಿ 9 ಮಂದಿ, ಅಲ್ಟಿಮೇಟ್ ಖೋ ಖೋ ಲೀಗಿನಲ್ಲಿ 7 ಮಂದಿ, ಆ 7 ಕಬಡ್ಡಿಯ ಕಾರ್ಡಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಸ್ನೂಕರ್ ಹುಟ್ಟಿದ್ದು ಭಾರತದಲ್ಲಿ ಎಂಬುದು ಬಹಳ ಮಂದಿಗೆ ಅಚ್ಚರಿಯ ಸಂಗತಿ. 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್‌ನಲ್ಲಿ ಅದು ಆರಂಭವಾಯಿತು, ನಿಯಮಗಳನ್ನು ಬರೆದಿಟ್ಟದ್ದು ಊಟಿಯಲ್ಲಿ. ‘ಮೊದಲು ಆಡಿದ ಊರು’ ಎಂಬ ಮಾತಿಲ್ಲದಿದ್ದರೆ ಊಟಿ ಎಂದವರೂ ವಾದಕ್ಕೆ ನಿಲ್ಲಬಹುದು.

ಭಾರತದ ರಾಷ್ಟ್ರೀಯ ಕ್ರೀಡೆ ಯಾವುದೆಂಬ ಪ್ರಶ್ನೆಯನ್ನು ಬಿಡಲು ಮನಸ್ಸಾಗಲಿಲ್ಲ. ಹಾಕಿ ಎಂದು ಮಕ್ಕಳು ಇಂದಿಗೂ ಹೇಳುತ್ತಾರೆ, ದೊಡ್ಡವರೂ ಹೇಳುತ್ತಾರೆ. ಯಾವುದೇ ಆಟವನ್ನು ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತ್ತು. ಆದರೆ ‘ಯಾವುದೂ ಇಲ್ಲ’ ಎಂಬ ಕಾರ್ಡು ಉಳಿದವುಗಳ ನಡುವೆ ಎದ್ದು ಕಾಣುವುದರಿಂದ ಓದದೆಯೇ ಊಹಿಸಿಬಿಡುತ್ತಾರೆ. ಅದನ್ನು ಮುಂದಿನ ಕಂತಿಗೆ ಎತ್ತಿಟ್ಟಿದ್ದೇನೆ.

ಊಹೆಯ ಇನ್ನೊಂದು ದಾರಿಯನ್ನೂ ಮುಚ್ಚಬೇಕಾಯಿತು. ‘30 ಸೆಕೆಂಡು’, ‘12 ತಿಂಗಳು’ ಎಂದು ಉತ್ತರದ ಕಾರ್ಡಿನಲ್ಲಿಯೇ ಬರೆದರೆ ಪ್ರಶ್ನೆಯನ್ನು ಅರ್ಧ ಓದಿದವರಿಗೂ ಸುಳಿವು ಸಿಗುತ್ತದೆ. ‘ಎಷ್ಟು ಸೆಕೆಂಡು’, ‘ಎಷ್ಟು ತಿಂಗಳು’ ಎಂಬುದನ್ನು ಪ್ರಶ್ನೆಗೆ ಸೇರಿಸಿ, ಉತ್ತರದಲ್ಲಿ ಬರೀ ಅಂಕಿ ಉಳಿಸಿದೆ. ಈಗ 3, 7, 8, 10, 12, 30, 1980, 2009, 2019 ಎಂಬ ಒಂಬತ್ತು ಅಂಕಿಗಳು ಒಂದೇ ಗುಂಪಾಗಿ ನಿಂತು ಚೆನ್ನಾಗಿ ದಾರಿ ತಪ್ಪಿಸುತ್ತವೆ. 30 ಎಂಬುದು ಕಬಡ್ಡಿಯ ಒಂದು ದಾಳಿಗೆ ಸಿಗುವ ಸೆಕೆಂಡುಗಳು. 10 ಎಂಬುದು ಅಪ್ಗಾರ್ ಅಂಕಗಳ ಗರಿಷ್ಠ. ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ ಈ ಕ್ರಮದಲ್ಲಿ, ಹುಟ್ಟಿದ ಒಂದನೆಯ ಮತ್ತು ಐದನೆಯ ನಿಮಿಷಗಳಲ್ಲಿ ಮಗುವಿನ ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗುಪು, ಪ್ರತಿಕ್ರಿಯೆ, ಮೈಬಣ್ಣ ಎಂಬ ಐದನ್ನು ನೋಡಿ ತಲಾ 0ಯಿಂದ 2ರವರೆಗೆ ಅಂಕ ಕೊಡುತ್ತಾರೆ. ಮಗು ಹುಟ್ಟಿದೊಡನೆ ಪರೀಕ್ಷೆಗೆ ಕೂರುತ್ತದೆ ಎಂಬ ಸಂಗತಿ ಶಾಲೆಯ ಹುಡುಗರಿಗೆ ಬಹಳ ಹಿಡಿಸಿದೆ.

12ರ ಕಾರ್ಡಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲೇಬೇಕು. ಪ್ರಶ್ನೆ ಹೀಗಿದೆ: ‘ಎಷ್ಟು ತಿಂಗಳು ತುಂಬುವವರೆಗೆ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು?’ ಮಗುವೂ ಸಿಹಿಯೂ ಕೂಡುವ ಪ್ರಶ್ನೆ ಹಲಗೆಯಲ್ಲಿ ಇದೊಂದೇ, ಮತ್ತು ಇದು ಬರೀ ಮೋಜಿನ ಮಾಹಿತಿಯೂ ಅಲ್ಲ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಮೊಳೆಯಲಾರವು. ಎಳೆಯ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಿ ಸ್ನಾಯುಗಳನ್ನು ನಿಶ್ಶಕ್ತಗೊಳಿಸಬಹುದು. ಮನೆಯಲ್ಲಿ ಕುದಿಸುವುದರಿಂದ ಆ ಬೀಜಕಣಗಳು ಸಾಯುವುದಿಲ್ಲ. ಕಾರ್ಡು ಓದಿದ ಒಬ್ಬ ಅಜ್ಜಿ, “ನಾವೆಲ್ಲ ಜೇನು ನೆಕ್ಕಿಸಿಯೇ ಸಾಕಿದ್ದು ಕಣಪ್ಪ, ಯಾರಿಗೇನಾಗಿದೆ?” ಎಂದರು. ಪಕ್ಕದಲ್ಲಿದ್ದ ಅಂಗನವಾಡಿ ಕಾರ್ಯಕರ್ತೆ, “ಎಲ್ಲ ಮಕ್ಕಳಿಗೂ ಆಗಲ್ಲ ಅಜ್ಜಿ, ಆದ ಮಗುವಿಗೆ ಮಾತ್ರ ಉಸಿರಾಡೋಕೇ ಕಷ್ಟ ಆಗುತ್ತೆ” ಎಂದು ವಿವರಿಸಿದರು. ಈ ಪ್ರಶ್ನೆಗಾಗಿಯೇ ‘ಮೊದಲ ಹುಟ್ಟುಹಬ್ಬದ ಹೊತ್ತಿಗೆ ತೂಕ ಮೂರು ಪಟ್ಟಾಗುವುದು’ ಎಂಬ ಇನ್ನೊಂದನ್ನು ತಿರುಗಿಸಿ ಬರೆಯಬೇಕಾಯಿತು. ಯಾವಾಗ ಎಂದು ಕೇಳಿದರೆ ಅದಕ್ಕೂ ಉತ್ತರ 12 ತಿಂಗಳೇ. ಎಷ್ಟು ಪಟ್ಟು ಎಂದು ಕೇಳಿದ್ದರಿಂದ 3 ಆಯಿತು.

ಉಳಿದವು ತಕರಾರಿಲ್ಲದೆ ನಿಂತವು. ಹುಟ್ಟಿದ ಮೊದಲ ಕೆಲವು ವಾರ ಮಗು ಅತ್ತರೂ ಕಾಣದಿರುವುದು ಕಣ್ಣೀರು. ನವಜಾತ ಶಿಶುವಿಗೆ ಚೆನ್ನಾಗಿ ಕಾಣುವ 20ರಿಂದ 30 ಸೆಂ.ಮೀ. ದೂರದಲ್ಲಿ, ಹಾಲು ಕುಡಿಯುವಾಗ ಇರುವುದು ತಾಯಿಯ ಮುಖ. ಆಗ್ರಾದ ಪೇಠಾ ಮಾಡುವುದು ಬೂದುಗುಂಬಳಕಾಯಿಯಿಂದ. ಪದರ ಪದರವಾಗಿ ಬೇಯಿಸುವ ಬೆಬಿಂಕಾ ಗೋವಾದ್ದು. ಪದರಗಳೆಷ್ಟು ಎಂದು ಕೇಳುವ ಗೋಜಿಗೆ ಹೋಗಲಿಲ್ಲ, ಏಳೆನ್ನುವವರೂ ಇದ್ದಾರೆ, ಹದಿನಾರೆನ್ನುವವರೂ ಇದ್ದಾರೆ. ಧಾರವಾಡ ಪೇಡ ಮಾಡಿದ ಠಾಕೂರ್ ಮನೆತನ ಬಂದದ್ದು ಉತ್ತರಪ್ರದೇಶದ ಉನ್ನಾವ್‌ನಿಂದ ಎಂಬುದು ಧಾರವಾಡದ ನೆಂಟರಿಗೂ ಹೊಸ ಸುದ್ದಿಯಾಗಿತ್ತು.

ಹಂತ 5: ಕಾರ್ಡುಗಳು

ಏಳು ಎ4 ಹಾಳೆಗಳಲ್ಲಿ ಮೂವತ್ತೆರಡು ಕಾರ್ಡುಗಳೂ ಹಿಡಿಸಿದವು. ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ಪ್ರತಿ ಕಾರ್ಡಿನ ಹಿಂದೆ ಎರಡು ವೆಲ್ಕ್ರೋ ತುಂಡುಗಳನ್ನು ಅಂಟಿಸಿದೆ. ವಾರ್ನಿಷ್ ಹೊಡೆದ ಮೇಲ್ಮೈಯಲ್ಲಿ ವೆಲ್ಕ್ರೋದ ಅಂಟು ಮಳೆಗಾಲದ ತೇವಕ್ಕೆ ನಿಲ್ಲಲಿಲ್ಲ. ಹಲಗೆಯ ಕಡೆಯ ತುಂಡುಗಳಿಗೆ ಸ್ಟೇಪ್ಲರ್ ಗನ್ನಿನಿಂದ ಒಂದೊಂದು ಪಿನ್ ಹೊಡೆದ ಮೇಲೆ ಗಟ್ಟಿಯಾದವು. ಪಿನ್ನಿನ ಕಾಲು 6 ಮಿ.ಮೀ.ಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಹಿಂಬದಿಗೆ ಇಣುಕಿ ತಂತಿಯ ಹೊದಿಕೆಯನ್ನು ಗೀರುತ್ತದೆ.

ಹಂತ 6: ಪರೀಕ್ಷೆ

ಮೂವತ್ತೆರಡು ಬೋಲ್ಟುಗಳಿಂದ 496 ಜೋಡಿಗಳಾಗುತ್ತವೆ. ಅವುಗಳಲ್ಲಿ 16ಕ್ಕೆ ಮಾತ್ರ ದೀಪ ಹೊತ್ತಬೇಕು, 480ಕ್ಕೆ ಹೊತ್ತಬಾರದು. ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ದಾರಿ ಕೂಡಿದ್ದರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು, ಒಂದು ಕಡ್ಡಿಯನ್ನು ಒಂದು ಬೋಲ್ಟಿನ ಮೇಲೆ ಒತ್ತಿಹಿಡಿದು ಇನ್ನೊಂದನ್ನು ಉಳಿದೆಲ್ಲ ಬೋಲ್ಟುಗಳ ಮೇಲೆ ಒಮ್ಮೆ ಎಳೆದುಕೊಂಡು ಹೋದರೆ ಕೆಲಸ ಬೇಗ ಮುಗಿಯುತ್ತದೆ. ಪ್ರತಿ ಬೋಲ್ಟಿಗೂ ಒಂದೇ ಒಂದು ಬೀಪ್ ಕೇಳಬೇಕು. ಒಂದಕ್ಕಿಂತ ಹೆಚ್ಚು ಕೇಳಿಸಿದರೆ ಲಗ್ಗುಗಳು ಒಂದಕ್ಕೊಂದು ತಾಗಿವೆ ಎಂದರ್ಥ. ಒಂದು ಜೋಡಿಯಲ್ಲಿ ನನಗೆ ಹಾಗೆಯೇ ಕೇಳಿಸಿತು, ಲಗ್ಗನ್ನು ಅಡ್ಡ ತಿರುಗಿಸಿ ಬಿಗಿದ ಮೇಲೆ ಸರಿಹೋಯಿತು.

ಹಂತ 7: ಗೋಡೆಗೇರಿದ ಮೇಲೆ

ಕೆಲವೇ ದಿನಗಳಲ್ಲಿ ಮಕ್ಕಳು ಪ್ರಶ್ನೆಯನ್ನು ಓದುವುದನ್ನೇ ಬಿಟ್ಟು, ಮೇಲಿಂದ ಮೂರನೆಯದಕ್ಕೆ ಕೆಳಗಿಂದ ಎರಡನೆಯದು ಎಂದು ಸ್ಥಾನಗಳನ್ನು ಒಪ್ಪಿಸತೊಡಗಿದರು. ವಿಂಗ್ ನಟ್ ಉಪಯೋಗಕ್ಕೆ ಬಂದದ್ದು ಇಲ್ಲಿಯೇ. ಎರಡು ಉತ್ತರದ ಕಾರ್ಡುಗಳನ್ನು ಅದಲುಬದಲು ಮಾಡಿ, ಆ ಎರಡರ ಲಗ್ಗುಗಳನ್ನೂ ಹಿಂದೆ ಅದಲುಬದಲು ಮಾಡಿದರೆ ಮುಗಿಯಿತು. ಗ್ರಂಥಪಾಲಕರು ಈಗ ಶನಿವಾರಗಳಂದು ತಾವೇ ಇದನ್ನು ಮಾಡುತ್ತಾರೆ. ಹಿಂಬದಿಯ ತಂತಿಗಳನ್ನು ಇಣುಕಿ ನೋಡುವವರೂ ಇದ್ದುದರಿಂದ ಹಳೆಯ ಬೀರುವಿನ ಹಲಗೆಯೊಂದನ್ನು ಎರಡು ತಿರುಪುಗಳಿಂದ ಮುಚ್ಚಳವಾಗಿ ಕೂರಿಸಿದೆ.

ಹಿತ್ತಾಳೆ ತಲೆಗಳು ಬೆವರು ಕೈಗೆ ಬೇಗ ಕಪ್ಪಾಗುತ್ತವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪೇನೋ ಬರುತ್ತದೆ, ಆದರೆ ಹುಳಿರಸ ಬೋಲ್ಟಿನ ಸಂದಿಗೆ ಇಳಿಯುತ್ತದೆ. ನಯವಾದ 400ರ ಮರಳು ಕಾಗದದಿಂದ ಒಣದಾಗಿಯೇ ಉಜ್ಜುವುದು ಉತ್ತಮ.

ಖರ್ಚು

ಪ್ಲೈವುಡ್ 250 ರೂಪಾಯಿ, ರೀಪರ್ 90, ಹಿತ್ತಾಳೆ ಬೋಲ್ಟು ಮತ್ತು ನಟ್ 192, ವಿಂಗ್ ನಟ್ 128, ತಂತಿ 84, ಲಗ್ಗುಗಳು 64, ಎಲ್‌ಇಡಿ, ರೆಸಿಸ್ಟರ್, ಬಜರ್, ಶೆಲ್ ಪೆಟ್ಟಿಗೆ ಸೇರಿ 70, ಶೆಲ್‌ಗಳು 54, ಪ್ರೋಬ್ 90, ವೆಲ್ಕ್ರೋ 45, ಮುದ್ರಣ ಮತ್ತು ಲ್ಯಾಮಿನೇಷನ್ 210, ವಾರ್ನಿಷ್ ಮತ್ತು ಮರಳು ಕಾಗದ 140. ಒಟ್ಟು 1,417 ರೂಪಾಯಿ. ಡ್ರಿಲ್, ಮಲ್ಟಿಮೀಟರ್, ಸ್ಟೇಪ್ಲರ್ ಗನ್ ನನ್ನ ಬಳಿ ಇದ್ದವು.

ಬಾಕಿ ಉಳಿದಿರುವ ಕೆಲಸವೆಂದರೆ ಪ್ರೋಬಿನ ತಂತಿ. ಹಿಡಿಯ ಬುಡದಲ್ಲಿ ಅದು ಮತ್ತೆ ಮತ್ತೆ ಬಾಗಿ ಒಳಗೇ ತುಂಡಾಗುತ್ತದೆ. ಆಗ ದೀಪ ಮಿಣುಕುತ್ತದೆ, ಸರಿಯಾಗಿ ಉತ್ತರಿಸಿದ ಮಗು ತನ್ನದೇ ತಪ್ಪೆಂದು ತಿಳಿದು ಬೇರೆ ಬೋಲ್ಟು ಹುಡುಕುತ್ತದೆ. ಸದ್ಯಕ್ಕೆ ಬುಡಕ್ಕೆ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ, ಬದಲಿ ಜೋಡಿಯೊಂದನ್ನು ಮುಚ್ಚಳದ ಒಳಗೆ ಕಟ್ಟಿಟ್ಟಿದ್ದೇನೆ. ಆಟ ಶುರುಮಾಡುವ ಮುನ್ನ ಎರಡು ಕಡ್ಡಿಗಳನ್ನೂ ಒಂದಕ್ಕೊಂದು ಮುಟ್ಟಿಸಿ ದೀಪ ಹೊತ್ತುವುದನ್ನು ನೋಡಿಕೊಳ್ಳಬೇಕೆಂದು ಹಲಗೆಯ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.